ಎರಡರಲ್ಲಿ ಏಳು ಹೋಗಲ್ಲ ಮಿಸ್

ಮೊನ್ನೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನನ್ನ ಕೈಯಲ್ಲಿದ್ದ ಫೈಲು ನೋಡಿ, “ಮತ್ತೆ ಟ್ರೈನಿಂಗಾ ಮೇಡಂ? ನಿಮಗೆ ಎಷ್ಟು ಟ್ರೈನಿಂಗ್ ಕೊಟ್ರೂ ಗೌರ್ಮೆಂಟ್ ಸ್ಕೂಲು ಹಾಗೇ ಇದೆಯಲ್ಲ!” ಅಂದರು. ಕೋಪ ಬಂತು. ನನ್ನ ಸ್ಟಾಪು ಬರುವಷ್ಟರಲ್ಲಿ ಕೋಪ ಇಳಿದು, ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ ಅನ್ನಿಸಿತು. ಉಳಿದ ಕಾಲು ಪಾಲಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆ. ನಾನು ತರಬೇತಿಗೆ ಹೋದರೆ ಹೆಡ್ ಮಾಸ್ತರರಿಗೆ ಐದೂ ತರಗತಿ, ಮೇಲೆ ಬಿಸಿಯೂಟದ ಲೆಕ್ಕ. ಅವರು ಹೋದರೆ ನನಗೆ. ಮಕ್ಕಳ ಪಾಠ ಕೆಡಿಸಿ ಹೋಗಿ ನಾವು ತರುವುದೇನು? ಒಂದು ಪ್ಯಾಡು, ಒಂದು ಪೆನ್ನು, ಒಂದು ಹಾಜರಾತಿ ಪತ್ರ. ರಾಜ್ಯ ಮಟ್ಟದಲ್ಲಿ ಕೆಲವರಿಗೆ ಹೇಳಿಕೊಡುತ್ತಾರೆ, ಅವರು ಡಯಟ್‌ನಲ್ಲಿ ಇನ್ನಷ್ಟು ಜನಕ್ಕೆ ಹೇಳುತ್ತಾರೆ, ಅವರು ಬಿ.ಆರ್.ಸಿ.ಗೆ ಬಂದು ನಮಗೆ ಹೇಳುತ್ತಾರೆ. ನೆಂಟರು ಬಂದ ಹಾಗೆಲ್ಲ ಸಾರಿಗೆ ನೀರು ಸುರಿದಂತೆ! ಸಂಪನ್ಮೂಲ ವ್ಯಕ್ತಿಗಳನ್ನು ಬೈದು ಪ್ರಯೋಜನವಿಲ್ಲ, ಅವರೂ ನಮ್ಮಂಥ ಮೇಷ್ಟ್ರುಗಳೇ. ಮೊನ್ನೆ ಕೇಳಿಸಿಕೊಂಡದ್ದನ್ನು ಇವತ್ತು ಒಪ್ಪಿಸುತ್ತಾರೆ. ನನ್ನ ದೂರು ಬೇರೆ. ಇಷ್ಟು ವರ್ಷದಲ್ಲಿ ತರಬೇತಿ ಮುಗಿದ ಮೇಲೆ ಒಬ್ಬರಾದರೂ ನನ್ನ ತರಗತಿಯಲ್ಲಿ ಬಂದು ಕೂತು, ‘ಅಲ್ಲಿ ಹೇಳಿದ್ದು ಇಲ್ಲಿ ನಡೀತಾ ಇದೆಯಾ’ ಅಂತ ನೋಡಿಲ್ಲ. ಬಂದವರೆಲ್ಲ ನೋಡಿದ್ದು ರಿಜಿಸ್ಟರು.

2019ರಲ್ಲಿ ಕೇಂದ್ರ ಸರ್ಕಾರ ‘ನಿಷ್ಠಾ’ ಶುರು ಮಾಡಿತು, ಸುಮಾರು 42 ಲಕ್ಷ ಶಿಕ್ಷಕರನ್ನು ತಲುಪುವ ಗುರಿ. ಮರುವರ್ಷ ಕೊರೊನಾ ಬಂದು ಅದು ‘ದೀಕ್ಷಾ’ ಆ್ಯಪಿನೊಳಗೆ, ನಮ್ಮ ಮೊಬೈಲಿಗೆ ಇಳಿಯಿತು. ತಪ್ಪೊಪ್ಪಿಗೆ ಅಂತಲೇ ತಿಳಿಯಿರಿ: ಅದರ ಎಷ್ಟೋ ವಿಡಿಯೋಗಳು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ತಮ್ಮಷ್ಟಕ್ಕೆ ತಾವೇ ಓಡಿವೆ. ನಾನು ಆಗ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಗುಂಪಿನಲ್ಲಿ ‘ಇನ್ನೂ ಮುಗಿಸದವರು’ ಅಂತ ಹೆಸರು ಬರುತ್ತಿತ್ತು, ಹೆಸರು ಹೋದರೆ ಸಾಕಾಗಿತ್ತು. ಸರ್ಟಿಫಿಕೇಟು ಬಂತು, ನನ್ನ ಪಾಠ ಹಾಗೇ ಉಳಿಯಿತು.

ಖಾಸಗಿಯವರದು ಚೆನ್ನಾಗಿದೆ ಅಂದುಕೊಳ್ಳಬೇಡಿ. ನನ್ನ ತಂಗಿ ಬೆಂಗಳೂರಿನ ಒಂದು ಸಿ.ಬಿ.ಎಸ್.ಇ. ಶಾಲೆಯಲ್ಲಿದ್ದಾಳೆ. ಅವಳಿಗೂ ವರ್ಷಕ್ಕೆ 50 ಗಂಟೆಯ ಲೆಕ್ಕ. ಹೋದ ಸಲ ಶನಿವಾರ ಇಡೀ ಕೂರಿಸಿ, ಸೂಟು ಹಾಕಿದ ಒಬ್ಬರು ‘ಮುಗುಳ್ನಗುತ್ತ ತರಗತಿ ಪ್ರವೇಶಿಸುವುದು ಹೇಗೆ’ ಅಂತ ಹೇಳಿಕೊಟ್ಟರಂತೆ. “ಅಕ್ಕ, ನಿಮ್ಮಲ್ಲಿ ಟಿ.ಎ. ಆದ್ರೂ ಕೊಡ್ತಾರೆ” ಅಂತಾಳೆ. ಟಿ.ಎ. ಯಾವಾಗ ಬರುತ್ತೆ ಅಂತ ಅವಳಿಗೆ ಗೊತ್ತಿಲ್ಲ, ಪಾಪ.

ಈ 50 ಗಂಟೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದೆ. ಆದರೆ ಅಲ್ಲಿ ಅದರ ಪಕ್ಕದಲ್ಲೇ ಶಿಕ್ಷಕರ ಸ್ವಂತ ಆಸಕ್ತಿಗೆ ತಕ್ಕಂತೆ ಅನ್ನುವ ಅರ್ಥದ ಮಾತೂ ಇದೆ. ಎಲ್ಲರೂ ಅಂಕಿ ಹಿಡಿದುಕೊಂಡರು, ಮಾತು ಬಿಟ್ಟರು. ಸಿಂಗಪುರದಲ್ಲಿ ವರ್ಷಕ್ಕೆ 100 ಗಂಟೆ ಇದೆ ಅಂತ ನಮಗೆ ತರಬೇತಿಯಲ್ಲೇ ಹೇಳಿದರು, ನಾಚಿಕೆಯಾಗಲಿ ಅಂತ. ಅಲ್ಲಿ ಆ ನೂರು ಗಂಟೆ ಶಿಕ್ಷಕರ ಹಕ್ಕು ಅನ್ನುವುದನ್ನು ಹೇಳಲಿಲ್ಲ. ಇಲ್ಲಿ ಅದು ನಾವು ತೀರಿಸಬೇಕಾದ ಸಾಲ.

ಹೊರದೇಶದ ಮಾತು ಬಿಡಿ, ನಮ್ಮಲ್ಲೇ ಒಂದು ಸಲ ಸರಿಯಾಗಿ ನಡೆದಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು ಕಲಿಯುವುದನ್ನು ಕಣ್ಣಾರೆ ನೋಡಿ ಬಂದರು. ವಾಪಸು ಬಂದು ತಾವೇ ಕೂತು ಕಾರ್ಡು ಬರೆದರು, ತಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡಿದರು, ತಿದ್ದಿದರು. ನಲಿಕಲಿ ಹುಟ್ಟಿದ್ದು ಹಾಗೆ. 2009ರ ಹೊತ್ತಿಗೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ನನಗೆ ಬಂದದ್ದು ಡಬ್ಬದಲ್ಲಿ: ಅಚ್ಚಾದ ಕಾರ್ಡು, ಅಚ್ಚಾದ ಏಣಿ, ಕೆಲವು ದಿನದ ತರಬೇತಿ. ಅದೇ ಕಾರ್ಡು ಬರೆದವರಿಗೆ ಯಾಕೆ ಬರೆದೆವು ಅಂತ ಗೊತ್ತಿತ್ತು. ನನಗೆ ಯಾವ ಮೆಟ್ಟಿಲಾದ ಮೇಲೆ ಯಾವುದು ಅಂತ ಮಾತ್ರ ಗೊತ್ತು. ಕಾರ್ಡು ಹಂಚಿದ ಇಲಾಖೆ, ಆ ಮೇಷ್ಟ್ರುಗಳು ಕಲಿತ ರೀತಿಯನ್ನು ಹಂಚಲಿಲ್ಲ.

ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ‘ಜುಗ್ಯೋ ಕೆನ್‌ಕ್ಯೂ’ ಅಂತ ಒಂದು ಪದ್ಧತಿಯಿದೆ. ನಾಲ್ಕಾರು ಶಿಕ್ಷಕರು ಸೇರಿ ಒಂದು ಪಾಠ ತಯಾರು ಮಾಡುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ಗೋಡೆಯ ಪಕ್ಕ ನಿಂತು ನೋಡುತ್ತಾರೆ. ಟೀಚರನ್ನಲ್ಲ, ಮಕ್ಕಳನ್ನು. ಆಮೇಲೆ ಕೂತು ಮಾತು. ಇದಕ್ಕೆ ಪ್ರೊಜೆಕ್ಟರು ಬೇಡ, ಇಂಟರ್ನೆಟ್ಟೂ ಬೇಡ. ಓದಿದ ದಿನದಿಂದ ಆಸೆಯಿತ್ತು. ನಮಗೂ ತಿಂಗಳಿಗೊಮ್ಮೆ ಸಮೂಹ ಸಂಪನ್ಮೂಲ ಕೇಂದ್ರದಲ್ಲಿ ಸಮಾಲೋಚನಾ ಸಭೆ ಅಂತ ಇತ್ತಲ್ಲ, ಅದು ಇಂಥದ್ದಕ್ಕೇ ಇದ್ದದ್ದು. ಹೋಗಿ ನೋಡಿದರೆ ಶೂ ಅಳತೆ ಬರೆದುಕೊಡಿ, ಆಧಾರ್ ಆಗದ ಮಕ್ಕಳ ಪಟ್ಟಿ ಕೊಡಿ, ಸಹಿ ಹಾಕಿ, ಟೀ ಕುಡಿಯಿರಿ.

ಕೊನೆಗೆ ಪಕ್ಕದೂರಿನ ಶಾಲೆಯ ಗೆಳತಿಯನ್ನು ನಾನೇ ಕರೆದೆ. ಅವರದು ದೊಡ್ಡ ಶಾಲೆ, ಒಂದು ದಿನ ಒಬ್ಬರು ಇಲ್ಲದಿದ್ದರೂ ನಡೆಯುತ್ತದೆ. ಒ.ಓ.ಡಿ. ಕೊಡುತ್ತಾರಾ ಅಂತ ವಿಚಾರಿಸಿದಳು. “ಇದಕ್ಕೆ ಸುತ್ತೋಲೆ ಇದೆಯಾ?” ಅಂದರಂತೆ. ಇರಲಿಲ್ಲ. ಸಿ.ಎಲ್. ಹಾಕಿ ಬಂದಳು.

ನಾಲ್ಕನೇ ತರಗತಿಯಲ್ಲಿ ಕಳೆಯುವ ಲೆಕ್ಕ ಮಾಡಿಸುತ್ತಿದ್ದೆ. ಒಬ್ಬ ಹುಡುಗನಿದ್ದಾನೆ, 52ರಲ್ಲಿ 27 ಕಳೆ ಅಂದರೆ 35 ಅಂತ ಬರೆಯುತ್ತಾನೆ. ಎರಡು ವರ್ಷದಿಂದ ಅವನ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ‘ಗಮನವಿಟ್ಟು ಮಾಡು’ ಅಂತ ಬರೆಯುತ್ತ ಬಂದಿದ್ದೆ. ಗೆಳತಿ ಅವನ ಪಕ್ಕ ಚಾಪೆಯ ಮೇಲೆ ಕೂತು ಮೆಲ್ಲಗೆ ಕೇಳಿದಳು, “ಇದು ಹೆಂಗೆ ಬಂತೋ?” ಅವನು ಹೇಳಿದ: “ಎರಡರಲ್ಲಿ ಏಳು ಹೋಗಲ್ಲ ಮಿಸ್. ಅದ್ಕೇ ಏಳರಲ್ಲಿ ಎರಡು ಕಳೆದೆ.”

ಅಜಾಗರೂಕತೆಯೇ ಅಲ್ಲ! ಅವನದು ಒಂದು ನಿಯಮ, ಪ್ರತಿ ಸಲವೂ ತಪ್ಪದೆ ಪಾಲಿಸುತ್ತಿದ್ದ. ಅವನ ಪ್ರಕಾರ ಗಮನವಿಟ್ಟೇ ಮಾಡುತ್ತಿದ್ದ. ಮಧ್ಯಾಹ್ನ ಹತ್ತು ಹತ್ತರ ಕಡ್ಡಿ ಕಟ್ಟು ತಂದು, ಐದು ಕಟ್ಟಿನಲ್ಲಿ ಒಂದನ್ನು ಬಿಚ್ಚಿಸಿ ಎಣಿಸಿದೆವು. “ಓ, ಬಿಚ್ಚಬೋದಾ?” ಅಂದ. ಬಿಡಿಸಬಹುದು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ನಾನು ‘ಪಕ್ಕದ ಮನೆಯಿಂದ ಸಾಲ ತಗೋ’ ಅಂತ ಹೇಳಿಕೊಟ್ಟಿದ್ದೆ, ಅದು ಅವನ ತಲೆಗೆ ಸಾಲವಾಗಿಯೇ ಉಳಿದಿತ್ತು.

ನಾನು ಹೋದ ಗಣಿತದ ತರಬೇತಿಗಳಲ್ಲಿ ಕಡ್ಡಿ ಕಟ್ಟಿನ ವಿಷಯ ಹೇಳಿರಲಿಲ್ಲವಾ? ಹೇಳಿದ್ದರು. ನೋಟ್ಸೂ ಇದೆ. ಆದರೆ ಈ ಹುಡುಗನ ತಲೆಯೊಳಗೆ ಏನು ನಡೆಯುತ್ತಿದೆ ಅಂತ ಬಿ.ಆರ್.ಸಿ. ಹಾಲಿನಲ್ಲಿ ಕೂತು ಯಾರಿಗೆ ತಾನೆ ಗೊತ್ತಾಗಬೇಕು? ಅದನ್ನು ನೋಡಲು ಅವನ ಪಕ್ಕ ಕೂರಬೇಕು. ಮೂವತ್ತು ಮಕ್ಕಳ ಮುಂದೆ ನಿಂತ ನನಗೆ ಆಗದ್ದು, ಪಾಠ ಮಾಡುವ ಜವಾಬ್ದಾರಿ ಇಲ್ಲದೆ ಕೂತ ಇನ್ನೊಬ್ಬ ಶಿಕ್ಷಕಿಗೆ 40 ನಿಮಿಷದಲ್ಲಿ ಆಯಿತು.

ಇಲಾಖೆಯನ್ನು ನಾನು ಕೇಳುವುದು ಹೊಸ ಯೋಜನೆಯನ್ನಲ್ಲ. ಇರುವ 50 ಗಂಟೆಯಲ್ಲಿ 10 ಗಂಟೆ ನಮಗೆ ಬಿಡಿ. ಒಬ್ಬರ ತರಗತಿಗೆ ಇನ್ನೊಬ್ಬರು ಹೋಗಿ ಕೂರುವುದನ್ನು ತರಬೇತಿ ಅಂತ ಲೆಕ್ಕಕ್ಕೆ ಹಿಡಿಯಿರಿ, ಆ ದಿನಕ್ಕೆ ಒ.ಓ.ಡಿ. ಕೊಡಿ. ಇಬ್ಬರೇ ಇರುವ ಶಾಲೆಗೆ ಆ ದಿನ ಬದಲಿ ಶಿಕ್ಷಕರನ್ನು ಕಳಿಸಿ. ಫೋಟೋ ಮಾತ್ರ ಕೇಳಬೇಡಿ. ಫೋಟೋ ಕೇಳಿದ ದಿನದಿಂದ ಫೋಟೋಕ್ಕಾಗಿಯೇ ಕೂರುತ್ತೇವೆ, ನಮ್ಮ ಜಾತಿ ನನಗೆ ಗೊತ್ತು.

ಮುಂದಿನ ತಿಂಗಳು ನಾನು ಗೆಳತಿಯ ಶಾಲೆಗೆ ಹೋಗಬೇಕು. ಎರಡನೇ ತರಗತಿಯಲ್ಲಿ ಒಬ್ಬಳು ಒತ್ತಕ್ಷರ ಬಂದ ಕೂಡಲೇ ಓದುವುದು ನಿಲ್ಲಿಸುತ್ತಾಳಂತೆ, ಯಾಕೆ ಅಂತ ನೋಡು ಬಾ ಅಂದಿದ್ದಾಳೆ. ಹೆಡ್ ಮಾಸ್ತರರು ಒಪ್ಪಿದ್ದಾರೆ. ಈ ವರ್ಷಕ್ಕೆ ನನ್ನ ಹತ್ತಿರ ಎರಡು ಸಿ.ಎಲ್. ಉಳಿದಿವೆ.