ಒಂದು ಬೆಳೆಗೆ ಒಂದು ಬಾಳು

ತೆನೆ ತೂಗುವ ರಾಗಿಯ ತಾಕನ್ನು ಕಂಡು ಹರ್ಷಿಸುವ ರಯಿತನು, ಆ ಬೀಜದ ಹಿಂದೆ ಯಾರ ದುಡಿಮೆಯಿದೆಯೆಂದು ವಿಚಾರಿಸುವುದು ಅಪರೂಪ. ಆದರೆ ಬೀಜದ ಚರಿತ್ರೆಯನ್ನರಿತವನಿಗೆ ಮಾತ್ರವೇ ಅದರ ಬೆಲೆ ಚೆನ್ನಾಗಿ ತಿಳಿಯುವುದು.

‘ರಾಗಿ ಲಕ್ಷ್ಮಣಯ್ಯ’ನವರೆಂದು ನಾಡು ಕರೆದ ಶ್ರೀ ಲಕ್ಷ್ಮಣಯ್ಯನವರು (1921–1993) ಮಂಡ್ಯದ ವಿ. ಸಿ. ಫಾರ್ಮಿನಲ್ಲಿ ಈ ಒಂದು ಬೆಳೆಗೇ ತಮ್ಮ ಬಾಳನ್ನು ಮುಡಿಪಾಗಿಟ್ಟರು. ರಾಗಿಯ ಹೂವು ಅತಿ ಸಣ್ಣದು. ನಸುಕಿಗೆ ಮೊದಲೇ ಅರಳಿ, ತನ್ನ ಪರಾಗದಿಂದಲೇ ತಾನು ಕಾಳುಕಟ್ಟುವುದು ಅದರ ಸ್ವಭಾವ. ಎರಡು ತಳಿಗಳನ್ನು ಕೂಡಿಸಬೇಕಾದರೆ ಅಪಾರವಾದ ತಾಳ್ಮೆ ಬೇಕು. ಕೂಡಿದ ಮೇಲೂ ಹಲವು ಸಂತತಿಗಳವರೆಗೆ ಒಂದೊಂದು ಗಿಡವನ್ನೂ ಪರೀಕ್ಷಿಸಿ ಆರಿಸಬೇಕು. ಹೀಗೆ ದುಡಿದು ಅವರು ಅನ್ನಪೂರ್ಣ, ಕಾವೇರಿ, ಶಕ್ತಿ ಮುಂತಾದ ತಳಿಗಳನ್ನು ಕೊಟ್ಟರು. ಬಳಿಕ ಆಫ್ರಿಕದ ರಾಗಿಯ ದಪ್ಪ ತೆನೆಯನ್ನೂ ಗಟ್ಟಿತನವನ್ನೂ ನಮ್ಮ ರಾಗಿಯ ಗುಣಗಳೊಡನೆ ಬೆರೆಸಿದರು. ಇಂಡಿಯಾ, ಆಫ್ರಿಕ ಎಂಬೆರಡು ಹೆಸರುಗಳು ಕೂಡಿ ‘ಇಂಡಾಫ್’ ಎಂದಾಯಿತು.

ಒಬ್ಬನನ್ನೇ ಒಂದು ಬೆಳೆಗೆ ಕಟ್ಟಿಹಾಕಿದರೆ, ಅವನ ತರುವಾಯ ಕೆಲಸವೂ ನಿಂತುಹೋಗುವುದೆಂದು ಕೆಲವರು ಆಕ್ಷೇಪಿಸಬಹುದು. ಈ ಭಯ ನಿರಾಧಾರವಲ್ಲ. ಆದರೆ ಇಲ್ಲಿ ಹಾಗಾಗಲಿಲ್ಲ. ಬೆಂಕಿರೋಗವನ್ನು ತಡೆಯುವುದೆಂದು ರಯಿತರು ಮೆಚ್ಚಿದ ಜಿ. ಪಿ. ಯು.-28 ತಳಿಯ ವಂಶದಲ್ಲಿ ಇಂಡಾಫ್-5, ಇಂಡಾಫ್-9 ಎರಡೂ ಸೇರಿವೆ. ಒಬ್ಬರು ಆರಿಸಿದ ಬೀಜವೇ ಇತರರ ಕೆಲಸಕ್ಕೆ ಬಂಡವಾಳವಾಯಿತು.

ಇದರಿಂದ ಕಲಿಯತಕ್ಕ ಪಾಠ ಸ್ಪಷ್ಟವಾಗಿದೆ. ತಳಿ ಎಬ್ಬಿಸುವವನನ್ನು ಎರಡು ಮೂರು ವರ್ಷಗಳಿಗೊಮ್ಮೆ ಬೇರೆ ಬೆಳೆಗೆ, ಬೇರೆ ಊರಿಗೆ ವರ್ಗಮಾಡುವುದು ಅರ್ಧ ಉತ್ತ ಹೊಲದಿಂದ ನೇಗಿಲನ್ನು ಬಿಚ್ಚಿದಂತೆ. ಅವನನ್ನು ಅವನ ತಾಕಿನಲ್ಲಿಯೇ ಉಳಿಸಬೇಕು. ಪಕ್ಕದಲ್ಲಿ ಕಿರಿಯನೊಬ್ಬನನ್ನಿಟ್ಟು ಕೆಲಸ ಕಲಿಸಬೇಕು. ಪ್ರತಿ ಸಾಲಿನ ಲೆಕ್ಕವನ್ನೂ ಬರೆದಿಡಿಸಬೇಕು. ಕಳೆ ಕಿತ್ತು, ತೆನೆ ಕೊಯ್ದು, ಬೀಜ ಬೆರಕೆಯಾಗದಂತೆ ಕಾಯುವ ಕೂಲಿಯವರ ಶ್ರದ್ಧೆಯನ್ನೂ ಮರೆಯಲಾಗದು; ಅವರೊಬ್ಬರು ತಪ್ಪಿದರೆ ವರ್ಷಗಳ ಶ್ರಮ ಒಂದೇ ದಿನದಲ್ಲಿ ಕೆಡುವುದು.

ರಯಿತನಿಗೂ ಇದರಲ್ಲಿ ಪಾಲುಂಟು. ಒಳ್ಳೆಯ ಬೀಜ ದೊರೆತ ಮೇಲೆ ಅದನ್ನು ಕಣದಲ್ಲಿ ಬೇರೆ ರಾಗಿಯೊಡನೆ ಬೆರೆಸದೆ, ಮುಂದಿನ ಬಿತ್ತನೆಗೆ ಪ್ರತ್ಯೇಕವಾಗಿ ಕಾದಿಡುವುದೇ ಅಂಥವರಿಗೆ ಸಲ್ಲಿಸತಕ್ಕ ನಿಜವಾದ ಗೌರವ.