ಮಟ್ಟಿಗೆ ಬರಿಗಾಲು, ಮ್ಯಾಟಿಗೆ ಮೆಟ್ಟು

ಕುಸ್ತಿಯ ವಿಷಯವಾಗಿ ಬರೆಯುವವರು ಸಾಮಾನ್ಯವಾಗಿ ಪೈಲ್ವಾನರ ತೋಳು, ಎದೆ, ಕತ್ತುಗಳನ್ನು ವರ್ಣಿಸುತ್ತಾರೆ. ಅವರ ಪಾದಗಳ ಕಡೆಗೆ ಯಾರೂ ನೋಡುವುದಿಲ್ಲ. ನಾನೂ ನೋಡಿದವನಲ್ಲ. ಹೋದ ವರ್ಷ ಅಂತರ ಕಾಲೇಜು ಕುಸ್ತಿ ಪಂದ್ಯದಲ್ಲಿ ಬಲಗಾಲಿನ ಹರಡು ಉಳುಕಿ, ಆರು ವಾರಗಳ ಕಾಲ ಗೋಡೆ ಹಿಡಿದು ನಡೆಯಬೇಕಾಗಿ ಬಂದಾಗ ಮಾತ್ರ ದೇವರು ಮನುಷ್ಯನಿಗೆ ಪಾದಗಳನ್ನೂ ಕೊಟ್ಟಿದ್ದಾನೆಂಬುದು ನನ್ನ ಗಮನಕ್ಕೆ ಬಂದಿತು. ಆ ಬಿಡುವಿನಲ್ಲಿ ಯೋಚಿಸಿದುದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ವಿಷಯ ಬಲು ಸಣ್ಣದು: ಕುಸ್ತಿಯನ್ನಾಗಲಿ ಅದರ ಬಂಧುಗಳಾದ ಇತರ ಕಾಳಗದ ವಿದ್ಯೆಗಳನ್ನಾಗಲಿ ಕಲಿಯುವವನು ಕಾಲಿಗೆ ಏನು ಹಾಕಿಕೊಳ್ಳಬೇಕು? ಇಷ್ಟು ಸಣ್ಣ ವಿಷಯವೇ ಎಂದು ನಗುವವರು ನಗಲಿ. ಚಪ್ಪಲಿಯೊಳಗೆ ಸೇರಿಕೊಂಡ ಕಲ್ಲೂ ಸಣ್ಣದೇ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ತಂದೆಯವರು ಮಂಡಿಯಲ್ಲಿ ಮೂಟೆ ಹೊರುವ ಕೆಲಸದವರು. ಬೆಳಗಿನ ಜಾವ ಗರಡಿಯಲ್ಲಿ ಸಾಮು ಮಾಡಿ, ಆಮೇಲೆ ಮೂಟೆ ಹೊರಲು ಹೋಗುವುದು ಅವರ ಹರೆಯದ ದಿನಚರಿಯಾಗಿತ್ತು. ಹತ್ತನೆಯ ವಯಸ್ಸಿನಲ್ಲಿ ನನ್ನನ್ನೂ ಅಲ್ಲಿಗೆ ಕರೆದೊಯ್ದರು. ರಬ್ಬರು ಚಪ್ಪಲಿಯನ್ನು ಹೊರಗೆ ಬಿಡಲು ಮರೆತು ನಾನು ಮಟ್ಟಿಯ ಅಂಚಿಗೆ ಕಾಲಿಟ್ಟಾಗ ಉಸ್ತಾದರು ಗದರಿದರು: “ಏನ್ಲಾ ಮಗಾ, ತಾಯಿ ಎದೆ ಮ್ಯಾಲೆ ಮೆಟ್ಟಾಕ್ಕೊಂಡು ನಿಂತ್ಕತೀಯಾ?” ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ, ಮಜ್ಜಿಗೆಗಳನ್ನು ಬೆರೆಸಿ ಹದಗೊಳಿಸಿದ ಆ ನೆಲವನ್ನೇ ಮಟ್ಟಿಯೆನ್ನುವುದು. ಅದಕ್ಕೆ ಕೈ ಮುಗಿದು ಇಳಿಯುವುದು, ಬರಿಗಾಲಿನಲ್ಲಿ ಇಳಿಯುವುದು ಗರಡಿಯ ಮೊದಲ ಪಾಠ. ಅಂದಿನಿಂದ ಬರಿಗಾಲೆಂದರೆ ನನಗೆ ಭಕ್ತಿ.

ಆದರೆ ಅದೇ ಬರಿಗಾಲು ಶಾಲೆಯ ಅಂಗಳಕ್ಕೆ ಬಂದಾಗ ಅದರ ಅರ್ಥ ಬೇರೆಯಾಗುತ್ತಿತ್ತು. ಸರ್ಕಾರಿ ಶಾಲೆಯಲ್ಲಿ ನಮಗೆಲ್ಲ ಕೊಟ್ಟ ಕಪ್ಪು ಬೂಟೇ ನಾನು ತೊಟ್ಟ ಮೊದಲ ಬೂಟು. ಬೆಳೆಯುವ ಹುಡುಗನ ಕಾಲು ಬೂಟಿನ ಮಾತು ಕೇಳುತ್ತದೆಯೆ? ವರ್ಷದ ಕೊನೆಗೆ ಬೆರಳು ಹಿಡಿಸದೆ, ಬರಿಗಾಲಿನಲ್ಲಿ ಪ್ರಾರ್ಥನೆಗೆ ಹೋದ ದಿನಗಳಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ, ನಾಚಿಕೆ ನನ್ನದೇ. ಬೆಳಗ್ಗೆ ಆರು ಗಂಟೆಗೆ ಭಕ್ತಿಯಾಗಿದ್ದ ಬರಿಗಾಲು ಹತ್ತು ಗಂಟೆಗೆ ಬಡತನವಾಗುತ್ತಿತ್ತು. ಆದುದರಿಂದ, ನಮ್ಮಂಥವರು ಪಾದರಕ್ಷೆಯ ಮಾತನಾಡುವಾಗ ರಬ್ಬರು ತೊಗಲುಗಳ ಮಾತನ್ನಷ್ಟೇ ಆಡುತ್ತಿರುವುದಿಲ್ಲ. ಹೆಮ್ಮೆಯೂ ನಾಚಿಕೆಯೂ ಅದರಲ್ಲಿ ಬೆರೆತುಕೊಂಡಿರುತ್ತವೆ. ಈ ಎರಡನ್ನೂ ಪಕ್ಕಕ್ಕಿಟ್ಟು ವಿಚಾರ ಮಾಡಬೇಕೆಂಬುದೇ ನನ್ನ ವಾದ.

ನಾನು ಹಾಗೆ ಮಾಡದೆ ಕೆಟ್ಟ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಕಾಲೇಜು ಕುಸ್ತಿ ನಡೆಯುವುದು ಮಣ್ಣಿನ ಮೇಲಲ್ಲ, ಮ್ಯಾಟಿನ ಮೇಲೆ. ಅಲ್ಲಿ ಬೂಟು ಬೇಕೆಂದರು. ಕುಸ್ತಿಗೆಂದೇ ಮಾಡಿದ ಬೂಟು ಬೇರೆಯಿದೆಯೆಂದು ನನಗೆ ಗೊತ್ತಿತ್ತು; ಆದರೆ ಅದರ ಬೆಲೆ ಸುಮಾರು 2000 ರೂಪಾಯಿ, ಮನೆಯಲ್ಲಿ ಕೇಳಲು ಬಾಯಿ ಬರಲಿಲ್ಲ. ಗೆಳೆಯನೊಬ್ಬನ ಓಟದ ಬೂಟನ್ನು ಎರವಲು ತಂದೆ. ನೋಡಲು ಬಲು ಚೆಂದ. ಹಿಮ್ಮಡಿಯ ಕೆಳಗೆ ಎರಡು ಬೆರಳು ದಪ್ಪದ ಅಟ್ಟೆ. ಒಂದು ನಂಬರು ದೊಡ್ಡದಾದುದರಿಂದ ಎರಡು ಜೊತೆ ಕಾಲುಚೀಲ ತೊಟ್ಟೆ. ಕನ್ನಡಿಯ ಮುಂದೆ ನಿಂತು ನೋಡಿಕೊಂಡದ್ದೂ ನಿಜ. 3 ನಿಮಿಷಗಳ ಎರಡು ಸುತ್ತಿನ ಪಂದ್ಯದಲ್ಲಿ ಎರಡನೆಯ ನಿಮಿಷವೇ ಎದುರಾಳಿಯ ಕಾಲಿಗೆ ನುಗ್ಗಲು ಹೋದೆ. ಅಟ್ಟೆ ಮ್ಯಾಟಿಗೆ ಕಚ್ಚಿಕೊಂಡು ನಿಂತಿತು. ಪಾದ ಬೂಟಿನೊಳಗೆ ಜಾರಿತು. ಮೈ ಮುಂದಕ್ಕೆ ಹೋಯಿತು. ಹರಡು ಹಿಂದೆ ಉಳಿಯಿತು. ಎದುರಾಳಿ ನನ್ನನ್ನು ಸೋಲಿಸಲಿಲ್ಲ. ನಾನೇ ಆರಿಸಿಕೊಂಡ ಬೂಟು ಸೋಲಿಸಿತು.

ಈಗ ಕಾರಣಗಳನ್ನು ನೋಡೋಣ. ಮಟ್ಟಿಯ ಮಣ್ಣು ಮೆತ್ತಗೆ. ಕಾಲ್ಬೆರಳುಗಳು ಅದರೊಳಗೆ ಇಳಿದು ಹಿಡಿತ ಸಂಪಾದಿಸುತ್ತವೆ. ಪಾದ ತಿರುಗಿದರೆ ಮಣ್ಣೂ ಜೊತೆಗೆ ಸರಿದು ದಾರಿ ಕೊಡುತ್ತದೆ. ಒಂದು ಪಾದದಲ್ಲಿ 26 ಮೂಳೆಗಳಿವೆ. ಎರಡೂ ಪಾದಗಳದು ಸೇರಿ 52, ಅಂದರೆ ದೇಹದ 206 ಮೂಳೆಗಳಲ್ಲಿ ಸುಮಾರು ಕಾಲುಭಾಗ. ಇಷ್ಟನ್ನೂ ದುಡಿಸಿಕೊಳ್ಳುವ ಶಾಲೆ ಮಟ್ಟಿ. ಅಲ್ಲಿಗೆ ಬೂಟು ತೊಟ್ಟು ಇಳಿದರೆ ಬೆರಳುಗಳ ಕೆಲಸ ನಿಂತುಹೋಗುತ್ತದೆ. ಅಷ್ಟೇ ಅಲ್ಲ, ಬೀದಿಯ ಕಲ್ಲುಚೂರು, ಗಾಜು, ಕೊಳೆ ಎಲ್ಲವೂ ಮಣ್ಣಿಗೆ ಸೇರಿ, ನಾಳೆ ಇನ್ನೊಬ್ಬನ ಬೆನ್ನಿಗೆ ಚುಚ್ಚುತ್ತವೆ. ಉಸ್ತಾದರು ಹೇಳಿದ ತಾಯಿಯ ಮಾತಿನಲ್ಲಿ ಭಕ್ತಿಯಿದ್ದಂತೆಯೇ ಆರೋಗ್ಯಶಾಸ್ತ್ರವೂ ಇತ್ತೆಂಬುದು ನನಗೆ ಈಗ ತಿಳಿಯುತ್ತಿದೆ. ಮೈಸೂರು ದಸರೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ನಿಲ್ಲುವ ಜಟ್ಟಿಗಳು ಬರಿಗಾಲಿನಲ್ಲಿ ನಿಲ್ಲುವುದೂ, ಕೇರಳದ ಕಳರಿಯವರು ನೆಲವನ್ನು ಅಗೆದು ತಗ್ಗು ಮಾಡಿದ ಮಣ್ಣಿನ ಕಣದಲ್ಲಿ ಬರಿಗಾಲಿನಲ್ಲಿ ಅಭ್ಯಾಸ ಮಾಡುವುದೂ ಇದೇ ನ್ಯಾಯಕ್ಕೆ ಒಪ್ಪುವಂಥದು.

ಮ್ಯಾಟಿನ ನ್ಯಾಯ ಬೇರೆ. ಅದು ಒಳಗೆ ಮೆತ್ತೆ, ಮೇಲೆ ನುಣುಪಾದ ಹೊದಿಕೆ. ಸ್ಪರ್ಧೆಯ ವೃತ್ತಕ್ಕೆ 9 ಮೀಟರು ವ್ಯಾಸ. ಬೆರಳು ಅದರೊಳಗೆ ಇಳಿಯಲಾರದು. ಬೆವರು ಬಿದ್ದರೆ ಬರಿಗಾಲು ಜಾರುತ್ತದೆ. ಹಾಸುಗಳ ಸಂದಿನಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ಬೂಟು ತೊಟ್ಟ ಎದುರಾಳಿ ಬರಿಯ ಬೆರಳನ್ನು ತುಳಿದರೆ ಉಗುರೇ ಹೋಗಬಹುದು. ಆದುದರಿಂದಲೇ ಅಂತರರಾಷ್ಟ್ರೀಯ ಕುಸ್ತಿಯ ನಿಯಮಗಳು ಹರಡನ್ನು ಬಿಗಿಯಾಗಿ ಹಿಡಿಯುವ ಬೂಟನ್ನು ಕಡ್ಡಾಯ ಮಾಡಿ, ಎತ್ತರದ ಹಿಮ್ಮಡಿ, ಮೊಳೆ, ಬಕಲು, ಲೋಹದ ಭಾಗ ಯಾವುದೂ ಇರಕೂಡದೆಂದು ವಿಧಿಸಿವೆ. ದಾರ ಬಿಚ್ಚಿ ಪಂದ್ಯ ಕೆಡದಂತೆ ಅದನ್ನೂ ಭದ್ರಪಡಿಸಿರಬೇಕು.

ಹಾಗಾದರೆ ಮ್ಯಾಟು ಕಂಡಲ್ಲೆಲ್ಲ ಬೂಟು ತೊಡಬೇಕೆ? ಅದೂ ಅಲ್ಲ. ಜಪಾನಿನ ಜೂಡೋ ವಿದ್ಯೆಯನ್ನು ನೋಡಿ. 1882ರಲ್ಲಿ ಕಾನೋ ಜಿಗೋರೋ ಅವರು ಸ್ಥಾಪಿಸಿದ ಈ ವಿದ್ಯೆಯನ್ನು ಹಾಸಿನ ಮೇಲೆಯೇ ಕಲಿಯುತ್ತಾರೆ, ಆದರೂ ಬರಿಗಾಲು. ಅಲ್ಲಿ ಅಂಗಾಲಿನಿಂದ ಎದುರಾಳಿಯ ಹರಡನ್ನು ಗುಡಿಸಿ ಬೀಳಿಸುವ ಪಟ್ಟುಗಳುಂಟು. ಬೂಟು ತೊಟ್ಟು ಗುಡಿಸಿದರೆ ಪಟ್ಟು ಹೋಗಿ ಪೆಟ್ಟಾಗುತ್ತದೆ. ಕರಾಟೆಯಲ್ಲಿ ಒದೆಯುವುದು ಪಾದದಿಂದ. ಆದುದರಿಂದ ಅಲ್ಲಿಯೂ ಬರಿಗಾಲೇ, ಜೋಡಿ ಸ್ಪರ್ಧೆಯಲ್ಲಿ ಮಾತ್ರ ಪಾದದ ಮೇಲ್ಭಾಗಕ್ಕೆ ಮೆತ್ತೆ ಕಟ್ಟಿಕೊಳ್ಳುತ್ತಾರೆ. ಮುಷ್ಟಿಯುದ್ಧದಲ್ಲಿ ಒದೆತವಿಲ್ಲ, ಕಾಲು ಮೈಯನ್ನು ಹೊತ್ತು ತಿರುಗಿದರೆ ಸಾಕು. ಅದಕ್ಕೆ ಹಿಮ್ಮಡಿಯೆತ್ತರವಿಲ್ಲದ ಹಗುರ ಬೂಟು. ಇವನ್ನೆಲ್ಲ ನೋಡಿ ನಾನು ಮಾಡಿಕೊಂಡಿರುವ ಸೂತ್ರ ಇಷ್ಟು: ಕಾಲೇ ಆಯುಧವಾದಲ್ಲಿ ಬರಿಗಾಲು, ಕಾಲು ಬರಿಯ ಆಧಾರವಾದಲ್ಲಿ, ನೆಲ ಗಟ್ಟಿಯೋ ನುಣುಪೋ ಆಗಿದ್ದರೆ, ತಕ್ಕ ಬೂಟು. ಸೂತ್ರಕ್ಕೆ ಅಪವಾದವಿಲ್ಲದಿಲ್ಲ. ಫ್ರಾನ್ಸಿನ ಸವಾತ್ ಎಂಬ ವಿದ್ಯೆಯಲ್ಲಿ ಬೂಟುಗಾಲಿನಿಂದಲೇ ಒದೆಯುತ್ತಾರೆ; ಆ ಹೆಸರಿಗೆ ಹಳೆಯ ಬೂಟೆಂದೇ ಅರ್ಥ. ಬೀದಿಯಲ್ಲಿ ಹುಟ್ಟಿದ ವಿದ್ಯೆ ಬೀದಿಯ ಮೆಟ್ಟನ್ನು ಬಿಡಲಿಲ್ಲ. ಅಲ್ಲಿಯೂ ಆರಿಸಿದುದು ವಿದ್ಯೆಯೇ ಹೊರತು ಶೋಕಿಯಲ್ಲ.

ಬೂಟನ್ನು ಕೊಳ್ಳಲೇಬೇಕಾದ ಕುಸ್ತಿಯ ಗೆಳೆಯರಿಗೆ, ಪೆಟ್ಟು ತಿಂದವನ ಅಧಿಕಾರದಿಂದ ನಾಲ್ಕು ಮಾತು. ಅಟ್ಟೆ ತೆಳ್ಳಗಿರಲಿ, ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬೆರಳಿನ ಬುಡದಲ್ಲಿ ಬಗ್ಗಬೇಕು. ಹಿಮ್ಮಡಿ ಎತ್ತರವಿರಕೂಡದು, ಎತ್ತರವಾದಷ್ಟೂ ಹರಡು ಹೊರಳುವುದು ಸುಲಭ. ಸಾಯಂಕಾಲ, ದಿನವೆಲ್ಲ ನಡೆದು ಕಾಲು ಕೊಂಚ ಊದಿರುವಾಗ, ಅಭ್ಯಾಸಕ್ಕೆ ತೊಡುವ ಕಾಲುಚೀಲವನ್ನೇ ತೊಟ್ಟು ಹಾಕಿ ನೋಡಬೇಕು. ಬೆರಳು ಮಡಿಸಿಕೊಳ್ಳಬಾರದು, ಹಿಮ್ಮಡಿ ಮೇಲೇಳಬಾರದು. ಇನ್ನೊಂದು ಮಾತು ನಮ್ಮಂಥ ಹಳ್ಳಿಗರಿಗೆ ವಿಶೇಷವಾಗಿ ಸಲ್ಲುತ್ತದೆ: ಬರಿಗಾಲಿನಲ್ಲಿ ಬೆಳೆದ ಪಾದ ಮುಂಭಾಗದಲ್ಲಿ ಅಗಲವಾಗಿರುತ್ತದೆ. ಉದ್ದದ ನಂಬರು ಸರಿಹೋದರೂ ಅಗಲ ಸಾಲದೆ ಕಿರುಬೆರಳು ಹಿಂಡುತ್ತದೆ. ಆಗ ನಂಬರು ಹೆಚ್ಚಿಸಬಾರದು, ಮಾದರಿಯನ್ನೇ ಬದಲಿಸಬೇಕು. ನಂಬರು ಹೆಚ್ಚಿಸಿದ ಫಲವನ್ನು ನಾನು ಉಂಡಿದ್ದೇನೆ. ಕೊನೆಯದಾಗಿ, ಮ್ಯಾಟಿನ ಬೂಟು ಮ್ಯಾಟಿಗೇ ಮೀಸಲು. ಅದನ್ನು ತೊಟ್ಟು ಬಸ್ ನಿಲ್ದಾಣಕ್ಕೂ ಶೌಚಾಲಯಕ್ಕೂ ಹೋಗಿ ಬರುವವನು ಹುಳುಕಡ್ಡಿಯನ್ನು ತಂದು ತಂಡಕ್ಕೆಲ್ಲ ಹಂಚುತ್ತಾನೆ. ಜೂಡೋದವರು ಹಾಸಿನ ಅಂಚಿನವರೆಗೆ ಚಪ್ಪಲಿಯಲ್ಲಿ ಬಂದು ಅಲ್ಲಿ ಬಿಟ್ಟು ಹತ್ತುತ್ತಾರೆ. ನಮ್ಮ ಗರಡಿಯ ಹೊಸ್ತಿಲಿನ ನೀತಿಯೂ ಅದೇ ಅಲ್ಲವೆ?

ಇಷ್ಟು ಹೇಳಿದಾಗ ಎರಡು ಕಡೆಯಿಂದ ಆಕ್ಷೇಪಣೆ ಬರುವುದನ್ನು ಬಲ್ಲೆ. ಹಿರಿಯರು, “ನಮ್ಮ ಕಾಲದಲ್ಲಿ ಬೂಟಿತ್ತೆ? ಬೂಟು ತೊಟ್ಟ ಕಾಲು ಸೊರಗುತ್ತದೆ” ಎನ್ನುತ್ತಾರೆ. ಅರ್ಧ ನಿಜ. ಬರಿಗಾಲಿನ ಸಾಧನೆಯನ್ನು ಬಿಟ್ಟು ಬೂಟಿನಲ್ಲೇ ಇದ್ದರೆ ಪಾದ ಸೋಮಾರಿಯಾದೀತು. ಆದುದರಿಂದ ಮಟ್ಟಿಯನ್ನು ಬಿಡಬೇಡಿರೆಂದು ನಾನೂ ಹೇಳುತ್ತೇನೆ. ಹರಡು ಗುಣವಾದ ಮೇಲೆ ಅದಕ್ಕೆ ಬಲ ಮರಳಿದ್ದು ಮಟ್ಟಿಯಲ್ಲೇ. ಆದರೆ ಬರಿಗಾಲಿನ ಅಭ್ಯಾಸವೊಂದನ್ನೇ ನಂಬಿ ಹುಡುಗನನ್ನು ಮ್ಯಾಟಿಗೆ ಕಳುಹಿಸುವುದು, ಬಾವಿಯಲ್ಲಿ ಈಜು ಕಲಿತವನನ್ನು ಹೊಳೆಯ ಸೆಳವಿಗೆ ಬಿಟ್ಟಂತೆ. ಇನ್ನು ಕೆಲವು ಗೆಳೆಯರು ಬೆಲೆ ಹೆಚ್ಚಾದ ಬೂಟೇ ಒಳ್ಳೆಯ ಬೂಟೆನ್ನುತ್ತಾರೆ. ನನ್ನ ಹರಡನ್ನು ಉಳುಕಿಸಿದ ಓಟದ ಬೂಟಿಗೆ ಕುಸ್ತಿಯ ಬೂಟಿಗಿಂತ ಹೆಚ್ಚು ಬೆಲೆಯಿತ್ತೆಂಬುದೇ ಅವರಿಗೆ ನನ್ನ ಉತ್ತರ.

ಮಣ್ಣಿನಿಂದ ಮ್ಯಾಟಿಗೆ ದಾಟುವುದು ಎಷ್ಟು ಕಷ್ಟವೆಂಬುದಕ್ಕೆ ಕೆ. ಡಿ. ಜಾಧವರ ಜೀವನವೇ ಸಾಕ್ಷಿ. ಸಾತಾರಾ ಜಿಲ್ಲೆಯ ಗೋಳೇಶ್ವರವೆಂಬ ಹಳ್ಳಿಯ ಈ ಪೈಲ್ವಾನರು ಮಣ್ಣಿನಲ್ಲಿ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ರೂಢಿಯಿಲ್ಲದ ಮ್ಯಾಟಿನ ಮೇಲೆ ಸೆಣಸಿ ಆರನೆಯವರಾದರು. ನಾಲ್ಕು ವರ್ಷ ಬಿಡದೆ ದುಡಿದು, 1952ರಲ್ಲಿ ಹೆಲ್ಸಿಂಕಿಯಲ್ಲಿ 57 ಕಿಲೋ ವರ್ಗದಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕ ಅದು. ಹೆಲ್ಸಿಂಕಿಗೆ ಹೋಗಲು ಹಣವಿಲ್ಲದಿದ್ದಾಗ, ಅವರು ಓದಿದ್ದ ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟು 7000 ರೂಪಾಯಿ ಕೊಟ್ಟರೆಂದು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕುಳಿತೆ.

ನಮ್ಮ ಮಾನ್ಯ ಪ್ರಾಂಶುಪಾಲರು ಮನೆ ಅಡವಿಡಬೇಕಾಗಿಲ್ಲ. ನಾನು ಬೇಡುವುದು ಬಲು ಕಡಿಮೆ. ನಮ್ಮ ಕ್ರೀಡಾ ಕೊಠಡಿಯಲ್ಲಿ ಕ್ರಿಕೆಟ್ಟಿನ ಬ್ಯಾಟು, ಕಾಲುಕಟ್ಟುಗಳಿರುವಂತೆ, 6ರಿಂದ 10ರವರೆಗಿನ ನಂಬರುಗಳಲ್ಲಿ ಐದು ಜೊತೆ ಕುಸ್ತಿ ಬೂಟುಗಳಿರಲಿ. ಗ್ರಂಥಾಲಯದ ಪುಸ್ತಕದಂತೆ ಸಹಿ ಹಾಕಿ ಪಡೆದು, ಸ್ವಂತ ಕಾಲುಚೀಲ ತೊಟ್ಟು ಬಳಸಿ, ಬಿಸಿಲಿಗೆ ಒಣಗಿಸಿ ಹಿಂದಿರುಗಿಸೋಣ. ಆಗ ಬಾಯಿ ಬಿಟ್ಟು ಕೇಳಲಾರದ ಹುಡುಗ ಎರವಲು ಬೂಟಿನಲ್ಲಿ ಕಾಲು ಮುರಿದುಕೊಳ್ಳುವುದು ತಪ್ಪುತ್ತದೆ. ಹುಡುಗನೆಂದೆ, ಹುಡುಗಿಯರಿಗೂ ಇದು ಸಲ್ಲುತ್ತದೆ. 2004ರಿಂದ ಒಲಿಂಪಿಕ್ಸಿನಲ್ಲಿ ಹೆಣ್ಣುಮಕ್ಕಳ ಕುಸ್ತಿಯೂ ಇದೆ. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ಮಟ್ಟಿಗಿಳಿಯುವ ಅವಕಾಶವೇ ದೊರೆಯದ ನಮ್ಮ ಸಹೋದರಿಯರಿಗೆ ಮ್ಯಾಟೇ ಮೊದಲ ಕಣ.

ಕಾಲು ಗುಣವಾದ ಮೇಲೆ ನಮ್ಮ ತಂದೆಯವರೇ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು. ನಾನು ಕೇಳಿರಲಿಲ್ಲ. ಬೂಟನ್ನು ಕೈಗೆ ತೆಗೆದುಕೊಂಡು, ಮೂಟೆಯ ಹೊಲಿಗೆ ನೋಡುವಂತೆ ಅದರ ಹೊಲಿಗೆಯನ್ನೆಲ್ಲ ಎಳೆದು ನೋಡಿ, “ಇದೇನೋ ಗಟ್ಟಿಯಾಗದೆ. ತಕೋ. ಮಟ್ಟಿ ತಾವ ಮಾತ್ರ ತರಬ್ಯಾಡ” ಎಂದರು. ಈ ಲೇಖನದಲ್ಲಿ ನಾನು ಇಷ್ಟು ಉದ್ದವಾಗಿ ಹೇಳಿದುದನ್ನು ಅವರು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಈ ವರ್ಷ ನನ್ನ ಓದು ಮುಗಿಯುತ್ತದೆ. ಐದು ಜೊತೆಗಳಲ್ಲಿ ಒಂದನ್ನು ನಾನೇ ಕೊಟ್ಟು ಹೋಗುತ್ತೇನೆ: 8ನೆಯ ನಂಬರು, ಮುಂಭಾಗ ಅಗಲ, ಅಟ್ಟೆ ಇನ್ನೂ ಚೆನ್ನಾಗಿದೆ. ಉಳಿದ ನಾಲ್ಕು ಜೊತೆಗಳ ಭಾರ ಕಾಲೇಜಿನ ಮೇಲೆ.