ಕಾಲಿಗೆ ಮೈ ಉಜ್ಜುವ ಬೆಕ್ಕು ಬೀದಿಯದ್ದಲ್ಲ

ಊರಿಂದ ಫೋನ್ ಬಂದರೆ ಅಮ್ಮಂದಿರು ಕೇಳುವುದು ನಿಮಗೂ ಗೊತ್ತು. ಊಟ ಆಯ್ತಾ, ನಲ್ಲೀಲಿ ನೀರು ಬರ್ತಿದೆಯಾ, ಊರಿಗೆ ಯಾವಾಗ ಬರ್ತೀಯಾ. ಎರಡು ತಿಂಗಳಿಂದ ನಮ್ಮ ನಾಲ್ಕು ಮನೆಗಳಲ್ಲೂ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಆ ಬೆಕ್ಕನ್ನ ಏನ್ ಮಾಡಿದ್ರಿ?"

ಕಥೆ ಇಷ್ಟು. ವಿಜಯನಗರದಲ್ಲಿ, ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಎರಡನೇ ಮಹಡಿಯ ಮನೆಯೊಂದನ್ನು ನಾವು ನಾಲ್ಕು ಜನ ಬಾಡಿಗೆಗೆ ಹಿಡಿದೆವು. ಸಾಮಾನು ಇಳಿಸುತ್ತಿದ್ದ ದಿನವೇ ಮೆಟ್ಟಿಲ ಮೇಲೆ ಒಂದು ಹೆಣ್ಣು ಬೆಕ್ಕು ಕೂತಿತ್ತು. ಬಿಳಿ ಮೈ, ಬೆನ್ನ ಮೇಲೆ ಕೆಂಚು ಪಟ್ಟೆ. ಹೆದರಲಿಲ್ಲ, ಓಡಲಿಲ್ಲ. ಕಾಲಿಗೆ ಮೈ ಉಜ್ಜಿತು. ಬಾಗಿಲು ತೆರೆದ ಕೂಡಲೇ ನಮಗಿಂತ ಮೊದಲು ಒಳಗೆ ಹೋಗಿ, ಅಡುಗೆಮನೆಯಲ್ಲಿ ಸಿಲಿಂಡರ್ ಇಡುವ ಮೂಲೆಯಲ್ಲಿ ಸುತ್ತಿಕೊಂಡು ಮಲಗಿತು.

ನಾವು ಖುಷಿಪಟ್ಟೆವು. ಒಬ್ಬ ಹಾಲು ತಂದ, ಒಬ್ಬ ರೀಲ್ಸ್ ಮಾಡಿದ. "ಎಷ್ಟು ಒಳ್ಳೇ ಬೆಕ್ಕು, ಬೀದೀದು ಅನ್ನೋಕೇ ಆಗಲ್ಲ" ಅಂದ ಮೂರನೆಯವನು. ಆ ಮಾತು ಎಷ್ಟು ನಿಜ ಅಂತ ಅವನಿಗೇ ಗೊತ್ತಿರಲಿಲ್ಲ.

ಬೆಕ್ಕಿನ ಮರಿ ಮನುಷ್ಯರನ್ನು ನಂಬುವುದು ಕಲಿಯುವ ಕಾಲ ತುಂಬ ಚಿಕ್ಕದು. ಹುಟ್ಟಿದ ಎರಡನೇ ವಾರದಿಂದ ಹೆಚ್ಚುಕಡಿಮೆ ಏಳನೇ ವಾರದವರೆಗೆ. ಆ ದಿನಗಳಲ್ಲಿ ಯಾರೂ ಕೈಯಲ್ಲಿ ಎತ್ತದ, ಸವರದ ಮರಿ ದೊಡ್ಡದಾದ ಮೇಲೆ ಸಾಮಾನ್ಯವಾಗಿ ಮನುಷ್ಯರನ್ನು ದೂರವೇ ಇಡುತ್ತದೆ. ಅನ್ನ ತಿನ್ನುತ್ತದೆ, ಆದರೆ ನೀವು ಹಿಂದೆ ಸರಿದ ಮೇಲೆ. ಅಪರಿಚಿತರ ತೊಡೆ ಏರಿ ಗುರುಗುಟ್ಟುವ ಬೆಕ್ಕು ಹಾಗಲ್ಲ. ಬಹುಪಾಲು ಅದನ್ನು ಯಾರೋ ಸಾಕಿದ್ದಾರೆ. ಒಂದೋ ಅದಕ್ಕೆ ಈಗಲೂ ಮನೆ ಇದೆ, ಇಲ್ಲವೇ ದಾರಿ ತಪ್ಪಿದೆ, ಇಲ್ಲವೇ ಬಿಟ್ಟು ಹೋಗಿದ್ದಾರೆ. ನಾವು ಮೆಚ್ಚಿಕೊಳ್ಳುವ ಆ ಸಲಿಗೆಯ ಹಿಂದೆ ಯಾರದೋ ಕೈ ಇದೆ.

ಹಾಗಾಗಿ ಸಾಕಬೇಕೋ ಬೇಡವೋ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು, ಇದು ಯಾರದು ಅಂತ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತ ಊರಲ್ಲಿ ಹೇಳುತ್ತಾರಲ್ಲ, ನಾವೂ ಏಳು ಮನೆ ತಿರುಗಿದೆವು. ಕೆಳಗಿನ ಮನೆಯ ಅಜ್ಜಿ ನಕ್ಕರು. "ಅಯ್ಯೋ, ಅದು ನಿಮ್ಮನೇಲಿ ಮೊದ್ಲು ಇದ್ದ ಹುಡುಗ್ರದು ಕಣಪ್ಪಾ. ಚಿನ್ನಿ ಅಂತ ಕರೀತಿದ್ರು. ಪರೀಕ್ಷೆ ಮುಗೀತು, ಊರಿಗೆ ಹೋದ್ರು." ನಾವು "ಚಿನ್ನಿ" ಅಂದೆವು. ಬೆಕ್ಕು ತಿರುಗಿ ನೋಡಿತು.

ಓನರ್ ಹತ್ತಿರ ನಂಬರ್ ಇಸಿದುಕೊಂಡು ಆ ಹುಡುಗರಿಗೆ ಫೋನ್ ಮಾಡಿದೆವು. ಮರ್ಯಾದಸ್ಥರೇ. "ಅದು ನಮ್ಮದಲ್ಲ ಬ್ರೋ, ಬೀದಿ ಬೆಕ್ಕು. ಸುಮ್ನೆ ಊಟ ಹಾಕ್ತಿದ್ವಿ ಅಷ್ಟೇ."

ನಮ್ಮ ಸಿಟ್ಟೆಲ್ಲ ಈ 'ಸುಮ್ನೆ ಊಟ ಹಾಕ್ತಿದ್ವಿ' ಮೇಲೆ. ಒಂದು ವರ್ಷ ಊಟ ಹಾಕಿ, ಹೆಸರಿಟ್ಟು, ಚಳಿಯಲ್ಲಿ ಸಿಲಿಂಡರ್ ಪಕ್ಕ ಗೋಣಿಚೀಲ ಹಾಸಿ, ಕೊನೆಗೆ ಗಂಟುಮೂಟೆ ಕಟ್ಟುವ ದಿನ ಅದು ಬೀದಿಯದ್ದಾಗುತ್ತದೆ! ಬೀದಿ ಬೆಕ್ಕಿಗೆ ಹೆಸರಿಟ್ಟವರು ಯಾರು ಸ್ವಾಮಿ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತ ಗಾದೆ ಮಾಡಿದ್ದೇವೆ. ಇಲ್ಲಿ ಕಣ್ಣು ಮುಚ್ಚಿದ್ದು ಹಾಲು ಹಾಕಿದವರು.

ಇದನ್ನು ನಿಮಗೆ, ಊರಲ್ಲಿ ಕೂತು ಫೋನಲ್ಲಿ ಓದುತ್ತಿರುವವರಿಗೆ, ಯಾಕೆ ಹೇಳುತ್ತಿದ್ದೇವೆ ಅಂದರೆ ಆ ಹುಡುಗರು ನಮ್ಮವರೇ. ವಿಜಯನಗರದ ರೂಮುಗಳಲ್ಲಿ ಕೆಎಎಸ್, ಪಿಎಸ್‌ಐ, ಪಿಡಿಒ ಅಂತ ಓದುತ್ತಿರುವವರು ನಿಮ್ಮ ಮಕ್ಕಳು, ನಿಮ್ಮ ತಮ್ಮಂದಿರು. ಹನ್ನೊಂದು ತಿಂಗಳ ಅಗ್ರಿಮೆಂಟಿನ ಬದುಕು. ಒಂಟಿತನ ಇರುತ್ತದೆ, ಮನೆ ನೆನಪಾಗುತ್ತದೆ, ಬಾಗಿಲಿಗೆ ಬಂದ ಬೆಕ್ಕು ಊರನ್ನೇ ತಂದ ಹಾಗಿರುತ್ತದೆ. ಅದನ್ನು ನಾವು ಹಂಗಿಸುವುದಿಲ್ಲ. ಆದರೆ ಅವರು ಬೆಕ್ಕು ಸಾಕುವ ರೀತಿ ಊರಿನದು, ಬಿಟ್ಟು ಹೋಗುವ ಜಾಗ ಮಾತ್ರ ಬೆಂಗಳೂರು. ಎಡವಟ್ಟು ಅಲ್ಲೇ.

ಊರಲ್ಲಿ ಬೆಕ್ಕನ್ನು ಯಾರೂ 'ದತ್ತು' ತಗೊಳ್ಳುವುದಿಲ್ಲ. ಅದು ಇರುತ್ತದೆ ಅಷ್ಟೇ. ರಾಗಿ ಮೂಟೆ ಇದೆ, ಇಲಿ ಇದೆ, ಅಟ್ಟ ಇದೆ, ಕೊಟ್ಟಿಗೆ ಇದೆ. ನಾವು ನಾಲ್ಕು ದಿನ ಮದುವೆಗೆ ಹೋದರೆ ಅದು ಪಕ್ಕದ ಮನೆಯಲ್ಲಿ ಉಣ್ಣುತ್ತದೆ. ವಿಜಯನಗರದ ಎರಡನೇ ಮಹಡಿಯಲ್ಲಿ ಇದೆಲ್ಲ ಎಲ್ಲಿದೆ? ರಾಜಾಜಿನಗರ, ಬಸವೇಶ್ವರನಗರದ ಅಡ್ಡರಸ್ತೆಗಳಲ್ಲೂ ಹಳೇ ಮನೆ ಒಡೆದು ನಾಲ್ಕಂತಸ್ತು ಎಬ್ಬಿಸುತ್ತಿದ್ದಾರೆ, ನೆಲಮಹಡಿ ಪೂರ್ತಿ ಕಾರು. ಚಳಿಗೆ ಬೆಚ್ಚಗಿರುತ್ತದೆ ಅಂತ ಬೆಕ್ಕು ಬಾನೆಟ್ಟಿನೊಳಗೆ ಸೇರುತ್ತದೆ, ಬೆಳಿಗ್ಗೆ ಯಾರೋ ಕೀ ತಿರುಗಿಸುತ್ತಾರೆ.

ಹಾಗಂತ ಊರಿನ ರೀತಿ ಚೊಕ್ಕ ಅಂತಲೂ ಅಲ್ಲ. ಮರಿಗಳು ಜಾಸ್ತಿಯಾದಾಗ ಏನು ಮಾಡುತ್ತೇವೆ? ಗೋಣಿಚೀಲ, ಸೈಕಲ್ಲು, ಕೆರೆಯ ಆಚೆ. ಇಲ್ಲದಿದ್ದರೆ ಸಂತೆ ಮೈದಾನ. ನಮ್ಮಲ್ಲೊಬ್ಬ ಏಳನೇ ಕ್ಲಾಸಲ್ಲಿದ್ದಾಗ ಅಪ್ಪನ ಹಿಂದೆ ಕೂತು ಆ ಚೀಲ ಹಿಡಿದುಕೊಂಡು ಹೋಗಿದ್ದಾನೆ. ಚೀಲ ಅಲ್ಲಾಡುತ್ತಿದ್ದದ್ದು ಈಗಲೂ ಕೈಗೆ ನೆನಪಿದೆ ಅನ್ನುತ್ತಾನೆ. ಅವನ ಅಪ್ಪ ಕೆಟ್ಟವರಲ್ಲ. ಬೇರೆ ದಾರಿ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಬೇರೆ ದಾರಿ ಅಂದರೆ ಆಪರೇಷನ್. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ಒಂಬತ್ತು ವಾರ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ವರ್ಷಕ್ಕೆ ಎರಡು ಸೂಲು ಅಂತ ಹಿಡಿದರೂ ಚೀಲಗಳ ಲೆಕ್ಕ ನೀವೇ ಹಾಕಿ. ಈ ವಿಷಯ ಹೇಳಿದರೆ ಅಮ್ಮಂದಿರು, "ಆಪರೇಷನ್ ಮಾಡಿದ್ರೆ ಇಲಿ ಹಿಡಿಯಲ್ವಂತೆ" ಅನ್ನುತ್ತಾರೆ. ಹಿಡಿಯುತ್ತದೆ. ಇಲಿ ಹಿಡಿಯುವ ಬುದ್ಧಿಗೂ ಗರ್ಭಕೋಶಕ್ಕೂ ಸಂಬಂಧವಿಲ್ಲ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಒಮ್ಮೆ ಕೇಳಿ ನೋಡಿ. ಹಸುಗಳಿಗೆ ಮಾತ್ರ ಅಂತ ನಾವೇ ಅಂದುಕೊಂಡಿರುತ್ತೇವೆ.

ಕಾನೂನಿನ ಮಾತು ಕೇಳಿದರೆ ನಗು ಬರುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸರಿಯಾದ ಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟು ಹೋಗುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಎಷ್ಟು ಗೊತ್ತಾ? ಕನಿಷ್ಠ 10 ರೂಪಾಯಿ, ಗರಿಷ್ಠ 50. ವಿಜಯನಗರದಲ್ಲಿ ಒಂದು ಮಸಾಲೆ ದೋಸೆಗೂ ಅಷ್ಟಕ್ಕಿಂತ ಹೆಚ್ಚು ಕೊಡುವ ಹೋಟೆಲುಗಳಿವೆ. ತೆನಾಲಿ ರಾಮನ ಕಥೆಯಲ್ಲಾದರೂ ಕೃಷ್ಣದೇವರಾಯರು ಬೆಕ್ಕು ಕೊಟ್ಟಾಗ ಅದರ ಹಾಲಿಗೆ ಅಂತ ಒಂದೊಂದು ಹಸುವನ್ನೂ ಕೊಟ್ಟಿದ್ದರಂತೆ. ಖರ್ಚು ಯಾರದು ಅಂತ ರಾಜ ಮೊದಲೇ ಯೋಚಿಸಿದ್ದ.

ಖರ್ಚು ಬಿಡಿ, ಮನೆ ಓನರ್ ಏನನ್ನುತ್ತಾರೆ ಅಂತ ಮೊದಲು ಕೇಳಿ. ನಮ್ಮ ಕಡೆ ಎಷ್ಟೋ ಓನರ್‌ಗಳು ಮೊಟ್ಟೆ ಬೇಯಿಸುವುದಕ್ಕೂ ಬಿಡುವುದಿಲ್ಲ. ಬೆಕ್ಕು ಮೊಸರನ್ನದಲ್ಲಿ ಬದುಕುವ ಪ್ರಾಣಿಯಲ್ಲ, ಅದಕ್ಕೆ ಮಾಂಸವೋ ಮೀನೋ ಬೇಕೇ ಬೇಕು. ಸಾಂಬಾರ್ ಅನ್ನ ಕಲಸಿ ಹಾಕುತ್ತೇವಲ್ಲ, ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತವೆ. ಹಾಲು ಕೂಡ ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅರಗುವುದಿಲ್ಲ, ಭೇದಿಯಾಗುತ್ತದೆ. (ನಾವು ತಂದ ಮೊದಲ ಪ್ಯಾಕೆಟ್ ಹಾಲಿನ ಫಲ ಮೆಟ್ಟಿಲ ಮೇಲೆ ಸಿಕ್ಕಿತು, ತೊಳೆದದ್ದೂ ನಾವೇ.) ಇನ್ನೊಂದು ಮಾತು, ಇದನ್ನು ಮರೆಯಬೇಡಿ: ಬೆಕ್ಕಿಗೆ ಜ್ವರ ಅಂತ ಮನುಷ್ಯರ ಪ್ಯಾರಸಿಟಮಾಲ್ ಮಾತ್ರೆ ಪುಡಿ ಮಾಡಿ ಕುಡಿಸಬೇಡಿ. ಒಂದು ಮಾತ್ರೆಯೂ ಅದನ್ನು ಕೊಲ್ಲಬಹುದು.

ರೋಗದ ಭಯ ಕೆಲವರದು. ಅದರಲ್ಲಿ ಅರ್ಧ ಸರಿ. ರೇಬೀಸ್ ಹೆಚ್ಚಾಗಿ ನಾಯಿಯಿಂದ ಬರುತ್ತದೆ ನಿಜ, ಆದರೆ ಬೆಕ್ಕಿನಿಂದಲೂ ಬರುತ್ತದೆ. ಕಚ್ಚಿದರೆ, ಪರಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. "ಬೆಕ್ಕು ಪರಚಿದ್ದಕ್ಕೆಲ್ಲ ಸೂಜಿನಾ" ಅಂತ ನಗುವವರಿಗೆ ಒಂದೇ ಮಾತು, ಲಕ್ಷಣ ಕಾಣಿಸಿದ ಮೇಲೆ ಆ ರೋಗಕ್ಕೆ ಮದ್ದಿಲ್ಲ. ಬೆಕ್ಕಿಗೂ ಲಸಿಕೆ ಇದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆಗ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು, ವಿಚಾರಿಸಿ. ಇನ್ನು ಬಸುರಿ ಇರುವ ಮನೆಯಿಂದ ಬೆಕ್ಕನ್ನು ಓಡಿಸುವ ಪದ್ಧತಿ ಬೇಕಾಗಿಲ್ಲ. ಅದರ ಹೇಲನ್ನು ಬೇರೆಯವರು ದಿನಾ ತೆಗೆದರೆ, ತರಕಾರಿ ತೊಳೆದು ಮಾಂಸ ಚೆನ್ನಾಗಿ ಬೇಯಿಸಿದರೆ ಆ ಭಯ ಬಹುಮಟ್ಟಿಗೆ ಮುಗಿಯಿತು. ಗಂಡಸರು ಹೇಲು ತೆಗೆಯಬೇಕಾಗುತ್ತದೆ ಅನ್ನುವುದೇ ಕಷ್ಟ ಇರಬೇಕು.

ಕೆಂಗೇರಿ ಕಡೆಯ ನಮ್ಮ ಗೆಳೆಯನೊಬ್ಬ, "ಅಲ್ಲೇ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆ ಇದೆಯಲ್ಲ, ಬಿಟ್ಟು ಬನ್ನಿ" ಅಂದ. ಅದು ವನ್ಯಜೀವಿಗಳ ಆಸ್ಪತ್ರೆ. ಪೆಟ್ಟಾದ ಹದ್ದು, ಗೂಬೆ, ಅಳಿಲು, ಹಾವುಗಳಿಗೆ. ಬೇಡವಾದ ಬೆಕ್ಕನ್ನು ಅಲ್ಲಿಗೆ ಒಯ್ಯುವುದೂ ಕೆರೆಯಾಚೆಯ ಚೀಲದ ತಮ್ಮನೇ.

ನಮ್ಮ ವಾದ ಎಲ್ಲರೂ ಬೆಕ್ಕು ಸಾಕಿ ಅಂತಲ್ಲ. ಸಾಕುವುದಿಲ್ಲ ಅಂದರೆ ಪಾಪವೇನಿಲ್ಲ. ಮುಂದಿನ ವರ್ಷ ಎಲ್ಲಿರುತ್ತೇನೆ ಅಂತ ಗೊತ್ತಿಲ್ಲದವನು ಬೇಡ ಅನ್ನುವುದೇ ಮರ್ಯಾದೆ. ಸಾಕಲಾಗದಿದ್ದರೂ ನಾಲ್ಕು ಮನೆಯವರು ದುಡ್ಡು ಹಾಕಿ ಆಪರೇಷನ್, ಲಸಿಕೆ ಮಾಡಿಸಿ, ಅದೇ ಬೀದಿಯಲ್ಲಿ ಬಿಟ್ಟು ಸರದಿಯಂತೆ ಊಟ ಹಾಕಬಹುದು, ಅದೂ ಒಂದು ನ್ಯಾಯವೇ. ನಾವು ಒಪ್ಪದಿರುವುದು ನಡುವಿನ ಆಟವನ್ನು. ಬೇಕಾದಾಗ ನಮ್ಮ ಚಿನ್ನಿ, ಬೇಡವಾದಾಗ ಬೀದಿ ಬೆಕ್ಕು. ದಿನಾ ಒಂದೇ ಹೊತ್ತಿಗೆ ತಟ್ಟೆ ಇಟ್ಟ ಮೇಲೆ, ಒಂದು ತಿಂಗಳಾದ ಮೇಲೆ, ನಿರ್ಧಾರ ಆಗಿಹೋಗಿರುತ್ತದೆ. ಹೇಳಿಕೊಳ್ಳಲು ಮಾತ್ರ ಹಿಂಜರಿಕೆ.

"ಮನುಷ್ಯರಿಗೇ ಗತಿಯಿಲ್ಲ, ಬೆಕ್ಕಿಗೆ ಇಷ್ಟೆಲ್ಲಾನಾ" ಅಂತ ಒಬ್ಬ ಅಮ್ಮ ಕೇಳಿದರು. ಆ ಪ್ರಶ್ನೆಗೆ ನಾವು ತಡವರಿಸಿದೆವು. ನಾಲ್ವರಲ್ಲಿ ಇಬ್ಬರ ಸಂಬಳ ತಡವಾಗುವ ತಿಂಗಳುಗಳಿವೆ, ಆಪರೇಷನ್ ದುಡ್ಡು ಒಟ್ಟು ಮಾಡಲು ಮೂರು ವಾರ ಹಿಡಿಯಿತು. ಆದರೆ ಅದೇ ಅಮ್ಮ ಮನೆಯ ಬೆಕ್ಕಿಗೆ ಹಾಕದೆ ಉಂಡದ್ದನ್ನು ಅವನು ಒಂದು ದಿನವೂ ನೋಡಿಲ್ಲ.

ಓನರ್ ಮೂರು ಷರತ್ತು ಹಾಕಿ ಒಪ್ಪಿದರು: ತಾರಸಿಗೆ ಹೋಗಕೂಡದು, ವಾಸನೆ ಬರಕೂಡದು, ಖಾಲಿ ಮಾಡುವಾಗ ಬೆಕ್ಕೂ ಖಾಲಿಯಾಗಬೇಕು. ಮೂರನೆಯದು ನಮಗೂ ಇಷ್ಟವಾಯಿತು. ಆಪರೇಷನ್ ಆಗಿದೆ, ಹೊಟ್ಟೆಯ ಮೇಲಿನ ಹೊಲಿಗೆ ಒಣಗಿದೆ, ಮತ್ತೆ ಸಿಲಿಂಡರ್ ಪಕ್ಕ ಮಲಗುತ್ತಿದೆ. ಅಗ್ರಿಮೆಂಟ್ ಮುಗಿಯುವುದು ಮಾರ್ಚ್‌ನಲ್ಲಿ. ಆಗ ಅದು ಶಿರಾ ಕಡೆಯವನ ಜೊತೆ ಹೋಗುತ್ತದೆ ಅಂತ ಹಾಳೆಯಲ್ಲಿ ಬರೆದು, ನಾಲ್ವರೂ ಸಹಿ ಹಾಕಿ, ಫ್ರಿಜ್ಜಿಗೆ ಅಂಟಿಸಿದ್ದೇವೆ. ಕೋಳಿಗೂ ಟಿಕೆಟ್ ಹರಿಯುವ ನಮ್ಮ ಸರ್ಕಾರಿ ಬಸ್ಸಲ್ಲಿ ಬೆಕ್ಕಿಗೆ ಜಾಗ ಸಿಗದೆ ಇರದು, ಮುಚ್ಚಳದ ಬುಟ್ಟಿ ತಂದಾಗಿದೆ.

ಹೊಲಿಗೆ ಒಣಗಿದ ಫೋಟೋವನ್ನು ಹಳೇ ಹುಡುಗರಿಗೂ ವಾಟ್ಸಾಪ್ ಮಾಡಿದೆವು. ನೀಲಿ ಟಿಕ್ ಬಂದಿದೆ. ಉತ್ತರ ಬಂದಿಲ್ಲ.